ಅಲ್ಸಿದನ ಮನೆಗೆ ಒಂದು ಬಾಟಲಿ

ಚೀಸ್ ಮಾಡುವ ಅಲ್ಸಿದ್ ತೀರಿಕೊಂಡ ಸುದ್ದಿಯನ್ನು ಪಕ್ಕದ ಮನೆಯ ಜೆಲಿ ಅತ್ತೆಗೆ ನಾನೇ ತಿಳಿಸಿದೆ. ಆಲೂಗಡ್ಡೆ ಸುಲಿಯುತ್ತಿದ್ದ ಅವಳ ಕೈ ನಿಲ್ಲಲಿಲ್ಲ.

"ನನ್ನ ಮನೆಯಿಂದ ಬಾಟಲಿ ಹೋಗಲ್ಲ," ಅಂದಳು.

ನಮ್ಮ ಕಣಿವೆಯಲ್ಲಿ ಸಾವಿನ ಮನೆಗೆ ನೆರೆಯವರು ಮಾಚಿಪತ್ರೆ, ಸೋಂಪು ಹಾಕಿ ತಾವೇ ಭಟ್ಟಿ ಇಳಿಸಿದ ಅಬ್ಸಿಂತ್ ಮದ್ಯ ಒಯ್ಯುತ್ತಾರೆ. ಸರ್ಕಾರ ಅದನ್ನು ನಿಷೇಧಿಸಿ ಐವತ್ತು ವರ್ಷ ದಾಟಿತು. ಅಜ್ಜಿಯ ಕಾಲದ ಕಾರ್ಖಾನೆಗಳು ಮುಚ್ಚಿದವು. ಭಟ್ಟಿ ಬಟ್ಟೆ ಒಗೆಯುವ ಕೋಣೆಗೆ ಬಂತು. ಸೋಂಪಿನ ವಾಸನೆ ಬೀದಿಗೆ ಹೋಗದಿರಲೆಂದು ಹೆಂಗಸರು ಭಟ್ಟಿ ಇಳಿಸುವ ದಿನ ಹುಳಿ ಎಲೆಕೋಸು ಬೇಯಿಸುತ್ತಾರೆ. ಹೊಟ್ಟೆನೋವಿಗೆ ಒಂದು ಚಮಚ, ಹೊಟ್ಟೆಯುಬ್ಬರಿಸಿದ ಹಸುವಿಗೆ ಅರ್ಧ ಲೋಟ, ಬಾಣಂತಿಗೆ ಸಕ್ಕರೆಯ ಮೇಲೆ ನಾಲ್ಕು ಹನಿ. ಅದಿಲ್ಲದ ಮನೆಯನ್ನು ನಾನು ನೋಡಿಲ್ಲ.

ಆರು ವರ್ಷದ ಹಿಂದೆ ಅಧಿಕಾರಿಗಳು ಜೆಲಿ ಅತ್ತೆಯ ಮನೆಗೆ ನುಗ್ಗಿ, ತಾಮ್ರದ ಹಂಡೆಯನ್ನು ಅಂಗಳದಲ್ಲಿ ಕೊಡಲಿಯಿಂದ ಒಡೆದರು. ಒಳಗೆ ಅವಳ ಗಂಡ ನ್ಯೂಮಾ ಹೊಟ್ಟೆಯ ಹುಣ್ಣಿನಿಂದ ಮಲಗಿದ್ದ. ಒಂದು ಚಮಚ ಅಬ್ಸಿಂತ್ ಕುಡಿದ ಮೇಲಷ್ಟೇ ಅವನ ಹೊಟ್ಟೆಯಲ್ಲಿ ಗಂಜಿ ನಿಲ್ಲುತ್ತಿತ್ತು. ಹಾಸಿಗೆಯ ಪಕ್ಕದ ಆ ಬಾಟಲಿಯನ್ನೂ ಮೋರಿಗೆ ಸುರಿದರು. ಈಸ್ಟರ್‌ಗೆ ಮೊದಲೇ ನ್ಯೂಮಾ ಹೋದ.

ದೂರು ಕೊಟ್ಟವರು ಯಾರು? ಅದಕ್ಕೆ ಹಿಂದಿನ ವಾರವಷ್ಟೇ ಅಲ್ಸಿದ್ ಅವಳ ಹಾಲನ್ನು ವಾಪಸು ಕಳಿಸಿ, ಕಾಫಿ ಅಂಗಡಿಯಲ್ಲಿ ಎಲ್ಲರೆದುರು ನಕ್ಕಿದ್ದ: "ಜೆಲಿಯ ಹಸು ಮಾಚಿಪತ್ರೆ ಮೇಯ್ದಿದೆ ಕಣ್ರೋ! ಆ ಹಾಲಲ್ಲಿ ಚೀಸ್ ಮಾಡಿದ್ರೆ ತಿಂದೋರು ತೂರಾಡ್ತಾರೆ!" ದೂರು ಅವನದೇ ಎಂದು ತೀರ್ಮಾನಿಸಲು ಊರಿಗೆ ಅಷ್ಟೇ ಸಾಕಾಯಿತು. ಅಂದಿನಿಂದ ಕಾಫಿ ಅಂಗಡಿಯಲ್ಲಿ ಅವನ ಮೇಜಿನ ಬಳಿ ಯಾರೂ ಕೂರಲಿಲ್ಲ. ಹಾಲಿನ ಕ್ಯಾನು ಇಳಿಸಿದವರು ಮಾತಾಡದೆ ತಿರುಗುತ್ತಿದ್ದರು.

"ಅತ್ತೆ, ಹೇಳಿದ್ದು ಅಲ್ಸಿದ್ ಅಲ್ಲ," ಅಂದೆ. "ನಾನು."

ಈಗ ಚಾಕು ನಿಂತಿತು.

"ಟೀಚರಾಗೋಕೆ ಮುಂಚೆ ಕಾಲೇಜಿಗೆ ನ್ಯೂಶಾಟೆಲ್ ಪಟ್ಟಣಕ್ಕೆ ರೈಲಲ್ಲಿ ಹೋಗ್ತಿದ್ದೆನಲ್ಲ? ಒಂದಿನ ಎದುರಿಗೆ ಕೂತಿದ್ದ ಒಬ್ಬ ನನ್ನ ಕೋಟಿನ ವಾಸನೆ ಹಿಡಿದ. 'ಮಾಚಿಪತ್ರೆ ಈ ಸಲ ಚೆನ್ನಾಗಿ ಬಂದಿದ್ಯಾ?' ಅಂತ ನಗ್ತಾ ಕೇಳಿದ. ಹೆದರಿಬಿಟ್ಟೆ ಅತ್ತೆ. ನಮ್ಮದಲ್ಲ, ಪಕ್ಕದ ಮನೆ ಅಟ್ಟದಲ್ಲಿ ಒಣಗಿಸ್ತಾರೆ ಅಂದೆ. ಅವನು ಸರ್ಕಾರದ ಅಧಿಕಾರಿ ಅಂತ ಆಮೇಲೆ ಗೊತ್ತಾಯ್ತು."

"ನಿಮ್ಮ ಅಟ್ಟದಲ್ಲಿ ಇರಲಿಲ್ವಾ?"

"ಇತ್ತು."

"ನಿನ್ನ ಹಾಸಿಗೆ ಮೇಲೇ ತೂಗ್ತಿತ್ತು."

"ಹೌದು."

ಅವಳು ಕೈ ಒರೆಸಿಕೊಂಡಳು, ಬೆರಳು ಬೆರಳಾಗಿ. ಬೈಯುತ್ತಾಳೆಂದು ಕಾದೆ. "ಅಲ್ಲಮ್ಮಾ ಟೀಚರಮ್ಮ, ಅಲ್ಸಿದ್ ಬದುಕಿದ್ದು ಅವನ ಕಿವಿ ಕೇಳ್ತಿರುವಾಗ ನಿನ್ನ ಬಾಯಿ ಎಲ್ಲಿ ಹೋಗಿತ್ತು?" ಅಂದಳು. ಮೇಲೆ ಹೋಗಿ ಬಾಟಲಿಯೊಂದನ್ನು ತಂದು ನನ್ನ ಕೈಯಲ್ಲಿಟ್ಟಳು. "ನಡಿ. ನೀನೇ ಹೊತ್ಕೊಂಡು ಬಾ. ಅಲ್ಲೂ ಇದನ್ನೇ ಹೇಳು. ಒಂದಕ್ಷರ ಕಮ್ಮಿ ಮಾಡಬೇಡ."

ಅಲ್ಸಿದನ ಅಡುಗೆಮನೆಯಲ್ಲಿ ನಾಲ್ಕೇ ಜನರಿದ್ದರು: ಅವನ ಅಕ್ಕ ಓದೆತ್, ಪಾದ್ರಿ, ಬಡಗಿ ಮತ್ತು ಬಡಗಿಯ ಹೆಂಡತಿ. ಮೇಜಿನ ಮೇಲೆ ಬಾಟಲಿ ಒಂದೂ ಇರಲಿಲ್ಲ. ನಾನು ನಿಂತುಕೊಂಡೇ ಹೇಳಿದೆ. ರೈಲು, ಕೋಟು, ನಮ್ಮ ಅಟ್ಟ, ಎಲ್ಲವನ್ನೂ. ಪಾಠ ಒಪ್ಪಿಸಿದ ಹಾಗೆ ಕೇಳಿಸಿತು. ಬೇರೆ ರೀತಿ ಹೇಳಲು ಬರಲಿಲ್ಲ.

ಓದೆತ್ ನನ್ನ ಕಡೆ ತಿರುಗಿದಳು. "ಶಾಲೆಗೆ ಹೋಗ್ತಾ ಅವನಿಗೆ ದಿನಾ ನಮಸ್ಕಾರ ಹೇಳ್ತಿದ್ದೋಳು ನೀನೇನಾ?"

"ಹೌದು."

"ಪ್ರತಿ ಭಾನುವಾರ ನನ್ನ ಹತ್ರ ಹೇಳೋನು. ಊರೆಲ್ಲಾ ಬಿಟ್ರೂ ಆ ಟೀಚರಮ್ಮ ಒಬ್ಬಳು ನನ್ನ ನಂಬ್ತಾಳೆ ಅಕ್ಕಾ ಅಂತ."

ಬಾಟಲಿಯನ್ನು ನನ್ನ ಕೈಯಿಂದ ಜೆಲಿ ಅತ್ತೆಯೇ ತೆಗೆದುಕೊಂಡು ಮುಚ್ಚಳ ಬಿಚ್ಚಿದಳು. ಓದೆತ್ ಹೂಜಿಯಿಂದ ತಣ್ಣೀರನ್ನು ಹನಿಹನಿಯಾಗಿ ಬಿಟ್ಟಳು. ಲೋಟಗಳಲ್ಲಿ ಅಬ್ಸಿಂತ್ ನಿಧಾನವಾಗಿ ಹಾಲಿನಂತೆ ಬೆಳ್ಳಗಾಯಿತು. ಪಾದ್ರಿಗೆ ಒಂದು, ಬಡಗಿ ದಂಪತಿಗೆ ಎರಡು, ಜೆಲಿ ಅತ್ತೆಗೆ ಒಂದು. ಒಂದನ್ನು ಓದೆತ್ ತಾನು ಎತ್ತಿಕೊಂಡಳು.

ಅವರು ಅಲ್ಸಿದನ ಹೆಸರು ಹೇಳಿ ಕುಡಿದರು. ನಾನು ಬಾಗಿಲ ಬಳಿ ಬರಿಗೈಯಲ್ಲಿ ನಿಂತಿದ್ದೆ. ನನಗೆ ಯಾರೂ ಲೋಟ ಕೊಡಲಿಲ್ಲ, ಹೋಗು ಎಂದೂ ಹೇಳಲಿಲ್ಲ.