ಪ್ರದರ್ಶನಕ್ಕಿಟ್ಟ ಓಟ

"ಮಸಿ ಸಾಲದು. ಕೆನ್ನೆಗೆ ಇನ್ನೊಂಚೂರು ಬಳಿ. ಆದ್ರೆ ನೆನಪಿರ್ಲಿ, ಕೆಲಸಗಾರನ ಹಾಗೆ ಕಾಣ್ಬೇಕು, ಚರಂಡಿಗೆ ಬಿದ್ದು ಎದ್ದು ಬಂದವನ ಹಾಗಲ್ಲ."

ಹೀಗೆ ಅಪ್ಪಣೆ ಕೊಡುತ್ತಿದ್ದವನು ಪ್ರದರ್ಶನದ ಮಳಿಗೆಯ ಯಜಮಾನಿಕೆ ವಹಿಸಿಕೊಂಡಿದ್ದ ಕ್ರಿಸ್ಪಿನ್. ಮಸಿ ಬಳಿಯುತ್ತಿದ್ದವಳು ಅವನ ಜೊತೆ ಲಂಡನ್ನಿನಿಂದ ಬಂದಿದ್ದ ಮೇಕಪ್ಪಿನ ಹುಡುಗಿ. ಮುಖ ಒಡ್ಡಿಕೊಂಡು ಸ್ಟೂಲಿನ ಮೇಲೆ ಕೂತಿದ್ದವನು ನನ್ನ ಒಡಹುಟ್ಟಿದ ತಮ್ಮ ಫರ್ಗಸ್. ಅರ್ಧ ಆಯಸ್ಸು ಉತ್ತರ ಸಮುದ್ರದಲ್ಲಿ ಎಣ್ಣೆ ತೆಗೆಯುವ ರಿಗ್ಗುಗಳ ಮೇಲೆ ಕಳೆದವನಿಗೆ, ಸೋಪು ಹಾಕಿ ಉಜ್ಜಿದರೂ ಹೋಗದ ಮಸಿ ಏನೆಂದು ಗೊತ್ತಿದ್ದವನಿಗೆ, ಪುಟ್ಟ ಬ್ರಶ್ಶಿನಲ್ಲಿ ಮಸಿ ಬಳಿಯುತ್ತಿದ್ದರು.

"ಆ ಎಡಗೈ ಏನಾಗಿದೆ?" ಎಂದ ಕ್ರಿಸ್ಪಿನ್.

"ಎಲ್ಡು ಬೆಳ್ಳು ಸರಪಳಿಗೆ ಸಿಕ್ಕೊಂಡೋದ್ವು ಸಾರ್."

"ಅಯ್ಯೋ. ಅದನ್ನ ಜೇಬಲ್ಲೇ ಇಟ್ಕೊಂಡಿರು. ಜನ ತಿಂಡಿ ತಿನ್ಕೊಂಡು ಬರ್ತಾರೆ."

ಫರ್ಗಸ್ ಕೈಯನ್ನು ಜೇಬಿಗೆ ಇಳಿಸಿದ. ನಮ್ಮ ಪಾದ್ರಿಗೂ ಒಂದು ದಿನ ಸಾರ್ ಎಂದವನಲ್ಲ ನನ್ನ ತಮ್ಮ. ಅವನನ್ನು ಆ ಸ್ಟೂಲಿನ ಮೇಲೆ ಕೂರಿಸಿದವಳು ನಾನೇ ತಾನೆ.

ಅಬರ್ಡೀನಿನಲ್ಲಿ ಎಣ್ಣೆ ಕಂಪನಿಗಳ ಸಮ್ಮೇಳನ ಬಂತೆಂದರೆ ನಮ್ಮಂಥ ಕಸ ಗುಡಿಸುವವರಿಗೆ ನಾಲ್ಕು ದಿನ ಕೆಲಸ ಸಿಗುತ್ತದೆ, ನಾಲ್ಕು ದಿನ ಸೊಂಟ ಬಿದ್ದುಹೋಗುತ್ತದೆ. ಈ ಸಲ ಫರ್ಗಸ್ ಹಿಂದೆ ದುಡಿದಿದ್ದ ದೊಡ್ಡ ಕಂಪನಿಯವರೇ ಮುಖ್ಯ ಪ್ರಾಯೋಜಕರು. ಕೊರಳಿಗೆ ಹಾಕುವ ಪಟ್ಟಿಯ ಮೇಲೆ ಅವರ ಹೆಸರು, ನೀರಿನ ಬಾಟಲಿಯ ಮೇಲೆ ಅವರ ಹೆಸರು, ಕೊನೆಯ ದಿನ ಕೊಡುವ ಸುರಕ್ಷತಾ ಪ್ರಶಸ್ತಿಗೂ ಅವರದೇ ಹೆಸರು. ಕಕ್ಕಸಿನ ಬಾಗಿಲುಗಳನ್ನೂ ಬಿಟ್ಟಿರಲಿಲ್ಲ. ಅವುಗಳನ್ನು ಮಾತ್ರ ನಾನು ಮನಸ್ಸಿಟ್ಟು ಉಜ್ಜುತ್ತಿದ್ದೆ.

ಅವರ ಮಳಿಗೆಯೆಂದರೆ ಮಳಿಗೆಯಲ್ಲ, ಅರಮನೆ. ಬೆಳ್ಳಗಿನ ಕಾರ್ಪೆಟ್ಟು, ಅದರ ಮೇಲೆ ರಿಗ್ಗಿನ ಒಂದು ಮೂಲೆಯನ್ನೇ ಕಿತ್ತು ತಂದಿಟ್ಟಂತೆ ಹಳದಿ ಕಟಕಟೆ, ಏಣಿ, ಹಿಂದೆ ಗೋಡೆಯಗಲದ ಪರದೆಯಲ್ಲಿ ಉಕ್ಕುವ ಸಮುದ್ರ. ಆ ಕಾರ್ಪೆಟ್ಟಿನ ಮೇಲೆ ಬಂದವರು ಮೆಟ್ಟಿದ ಗುರುತು ಬಿದ್ದಾಗೆಲ್ಲ ನಾನು ಹೋಗಿ ಅಳಿಸಬೇಕು. ನನ್ನ ಜೊತೆಗಾತಿ ಲಾಟ್ವಿಯಾದ ಜೆಂತಾ, "ಇಷ್ಬೆಲಕ್ಕ, ಇವ್ರು ಸಮುದ್ರ ಗಲೀಜು ಮಾಡಿದ್ರೆ ಯಾರೂ ಒರ್ಸಲ್ಲ, ಕಾರ್ಪೆಟ್ ಗಲೀಜಾದ್ರೆ ಮಾತ್ರ ನಾವು ಓಡ್ಬರ್ಬೇಕು ನೋಡು," ಎಂದು ನಗಾಡುತ್ತಿದ್ದಳು.

ಮಳಿಗೆಯಲ್ಲಿ ನಿಲ್ಲಲು ಒಬ್ಬ ನಿಜವಾದ ರಿಗ್ ಕೆಲಸಗಾರ ಬೇಕೆಂದು ಕ್ರಿಸ್ಪಿನ್ ಫೋನಿನಲ್ಲಿ ಕೂಗಾಡುತ್ತಿದ್ದಾಗ ನಾನು ಪಕ್ಕದಲ್ಲೇ ಕಸ ಗುಡಿಸುತ್ತಿದ್ದೆ. ನನ್ನ ತಮ್ಮ ಇದ್ದಾನೆ ಸಾರ್, ರಿಗ್ಗಿನಲ್ಲಿದ್ದವನು, ಈಗ ಕೆಲಸವಿಲ್ಲ, ಎಂದೆ. ಅವನು ನನ್ನನ್ನು ಮೊದಲ ಸಲ ಮನುಷ್ಯಳನ್ನು ನೋಡುವಂತೆ ನೋಡಿ, "ನಾಲ್ಕು ದಿನ ಬಾಯಿ ಮುಚ್ಕೊಂಡು ನಿಂತ್ರೆ, ಆಳು ತಗೊಳ್ಳೋರಿಗೆ ಒಂದು ಮಾತು ಹೇಳ್ತೀನಿ. ಮತ್ತೆ ರಿಗ್ಗಿಗೆ ಕಳಿಸ್ಬಹುದು," ಎಂದ. ಆ ಒಂದು ಮಾತಿಗಾಗಿ ಎರಡು ವರ್ಷ ಕಾದಿದ್ದೆವು.

ನಮ್ಮ ಕಡೆ ರಿಗ್ಗಿನ ಆಳನ್ನು ಯಾರೂ ಕೆಲಸದಿಂದ ತೆಗೆಯುವುದಿಲ್ಲ. ಹಾಗೆ ಮಾಡಿದರೆ ಕಾನೂನು, ಕೋರ್ಟು ಎಂದು ತಲೆನೋವು. ಅದಕ್ಕೇ ಮೇಲಿನಿಂದ ಒಂದು ಮಾತು ಬರುತ್ತದೆ: ಇವನು ಮತ್ತೆ ಬೇಡ. ಅಷ್ಟೇ. ಮುಂದಿನ ಸರದಿಗೆ ರಿಗ್ಗಿಗೆ ಹೋಗುವ ಹೆಲಿಕಾಪ್ಟರಿಗೆ ಬಾ ಎಂದು ಫೋನು ಬರುವುದಿಲ್ಲ. ಆ ಕಂಪನಿಯಿಂದಲೂ ಬರುವುದಿಲ್ಲ, ಇನ್ನೊಂದರಿಂದಲೂ ಬರುವುದಿಲ್ಲ. ಯಾಕೆಂದು ಕೇಳಲು ಹೋದರೆ ಎಲ್ಲರೂ ಮುಗುಳ್ನಗುತ್ತಾರೆ.

ಫರ್ಗಸ್ ಮಾಡಿದ ತಪ್ಪೆಂದರೆ ಬಾಯಿ ಬಿಟ್ಟದ್ದು. ಅವನಿದ್ದ ರಿಗ್ಗಿನ ಕೆಳಗಿನ ಅಂತಸ್ತಿನಲ್ಲಿ ಸೈರನ್ ಕೆಟ್ಟಿತ್ತು. ಕೂಗುತ್ತಿಲ್ಲ ರಿಪೇರಿ ಮಾಡಿಸಿ ಎಂದು ಕಂಡಕಂಡವರಿಗೆ ಹೇಳಿದ. ನೋಡೋಣ ಎಂದರು. ಅನಿಲ ಸೋರಿದ ದಿನ ಮೇಲೆ ಸೈರನ್ ಕೂಗಿತು, ಎಲ್ಲ ಓಡಿ ಪಾರಾಗುವ ದೋಣಿಯ ಹತ್ತಿರ ಸೇರಿದರು. ಅವನ ಜೀವದ ಗೆಳೆಯ ಡೂಗಿ ಕೆಳಗೆ ಪಂಪಿನ ಕೋಣೆಯಲ್ಲಿದ್ದ, ಅವನಿಗೆ ಕೇಳಿಸಲಿಲ್ಲ, ಮೇಲೆ ಬರಲೇ ಇಲ್ಲ. ವಿಚಾರಣೆಗೆ ಕರೆದಾಗ ಫರ್ಗಸ್ ಇದ್ದದ್ದನ್ನು ಇದ್ದಂತೆ ಹೇಳಿ ಬಂದ. ಎದ್ದು ಬಂದು ಎದೆಗೆ ಒದೆಯಿತು ಸತ್ಯ. ಆವತ್ತಿನಿಂದ ಅವನು ಟಾರಿ ಬಡಾವಣೆಯ ನನ್ನ ಮನೆಯ ಸೋಫಾದ ಮೇಲೆ ಬಿದ್ದಿದ್ದಾನೆ. ಮೀನು ಕುಯ್ಯುವ ಕೆಲಸಕ್ಕೆ ಹೋದ, ಆ ಶೆಡ್ಡೂ ಮುಚ್ಚಿತು. ಅವನ ಹೆಂಡತಿ ಮಕ್ಕಳನ್ನು ಕರೆದುಕೊಂಡು ತಾಯಿಯ ಮನೆ ಸೇರಿದಳು. ಕೆಲಸ ಸಿಕ್ಕರೆ ಬರುತ್ತೇನೆ ಎಂದಿದ್ದಾಳೆ. ಅವಳದೂ ತಪ್ಪೆನ್ನಲಾರೆ.

ಇಷ್ಟೆಲ್ಲ ಕ್ರಿಸ್ಪಿನ್‌ಗೆ ಗೊತ್ತಿರಲಿಲ್ಲ. ಅವನ ಕೆಲಸ ಬಣ್ಣ, ದೀಪ, ಶಾಂಪೇನು. ಡೂಗಿಯ ಹೆಸರನ್ನೇ ಅವನು ಕೇಳಿರಲಿಲ್ಲ.

ಮೊದಲ ದಿನ ಫರ್ಗಸ್ ಮಳಿಗೆಯ ಮೂಲೆಯ ಬಟ್ಟೆ ಪರದೆಯ ಹಿಂದೆ ನನ್ನ ಫ್ಲಾಸ್ಕಿನ ಚಹಾ ಕುಡಿಯುತ್ತಿದ್ದ. ಹೊರಗೆ ಅವರ ದೊಡ್ಡ ಆಟ ಶುರುವಾಯಿತು. ಅಲೆಯ ಸದ್ದು, ಹಕ್ಕಿಯ ಸದ್ದು, ಆಮೇಲೆ ಇದ್ದಕ್ಕಿದ್ದಂತೆ ಸೈರನ್. ನಿಜವಾದ ರಿಗ್ಗಿನ ಸೈರನ್ನನ್ನೇ ರೆಕಾರ್ಡ್ ಮಾಡಿ ತಂದಿದ್ದರಂತೆ.

ಲೋಟ ಎಲ್ಲಿ ಬಿತ್ತೋ, ಚಹಾ ಎಲ್ಲಿ ಚೆಲ್ಲಿತೋ. ನನ್ನ ತಮ್ಮ ಎದ್ದು ಓಡಿದ. ಬಟ್ಟೆ ಪರದೆ ಸರಿಸಿಕೊಂಡು, ಸೂಟಿನವರನ್ನು ತಳ್ಳಿಕೊಂಡು, ಬೆಳ್ಳಗಿನ ಕಾರ್ಪೆಟ್ಟಿನ ಮೇಲೆ ದಡದಡ ಓಡಿ, ರಿಗ್ಗಿನಲ್ಲಿ ದೋಣಿ ಇರಬೇಕಾದ ಮೂಲೆಗೆ ಹೋಗಿ, ಬೆನ್ನು ಗೋಡೆಗೆ ಒತ್ತಿ ನಿಂತ. ಅಲ್ಲಿ ದೋಣಿಯಿರಲಿಲ್ಲ, ಕಾಫಿ ಯಂತ್ರವಿತ್ತು. ತಲೆ ತಿರುಗಿಸಿ ತಿರುಗಿಸಿ ಯಾರನ್ನೋ ಹುಡುಕುತ್ತಿದ್ದ. ಗುಂಪಿನಲ್ಲಿದ್ದ ಒಂದಿಬ್ಬರು ಹಳೆಯ ಆಸಾಮಿಗಳೂ, ಈಗ ಸೂಟು ಹಾಕಿದ್ದರೂ ಒಂದು ಕಾಲದಲ್ಲಿ ರಿಗ್ಗಿನ ಮೇಲಿದ್ದವರು, ಗಕ್ಕನೆ ಹೆಜ್ಜೆ ಎತ್ತಿ, ಆಮೇಲೆ ನಾಚಿಕೊಂಡು ನಿಂತರು.

ಆಮೇಲೆ ಚಪ್ಪಾಳೆ.

ಮುಗೀತು, ಕೆಲಸ ಹೋಯಿತು ಎಂದುಕೊಂಡು ನಾನು ನೆಲ ಒರೆಸುವ ಬಟ್ಟೆ ಹಿಡಿದು ಓಡಿದೆ. ಕ್ರಿಸ್ಪಿನ್ ನನ್ನನ್ನು ದಾಟಿಕೊಂಡು ಹೋಗಿ ಫರ್ಗಸ್‌ನ ಹೆಗಲು ಹಿಡಿದು ಅಲುಗಾಡಿಸಿದ.

"ಅದ್ಭುತ! ಅದ್ಭುತ ಕಣಯ್ಯ! ಆ ಮುಖ, ಆ ಹೆದರಿಕೆ! ಎಲ್ಲಿ ಕಲಿತೆ ಇದನ್ನ? ಪ್ರತಿ ಸಲ ಹೀಗೇ ಮಾಡು. ಸೈರನ್ ಆದ ಕೂಡ್ಲೇ ಓಡಿ ಬಾ. ಇದಪ್ಪಾ ಜನಕ್ಕೆ ಮುಟ್ಟೋದು!"

ಫರ್ಗಸ್ ಇನ್ನೂ ಅವನ ಹೆಗಲಾಚೆ ಯಾರನ್ನೋ ಹುಡುಕುತ್ತಿದ್ದ. "ಆಯ್ತು ಸಾರ್," ಎಂದ.

ಅಂದಿನಿಂದ ಅದೇ ಕಥೆ. ಸಮುದ್ರ, ಹಕ್ಕಿ, ಸೈರನ್, ಓಟ. ಓಟ ಮುಗಿಯುವಾಗ ಜೇನಿನಂಥ ದನಿಯ ಹೆಂಗಸೊಬ್ಬಳು ಪರದೆಯ ಮೇಲೆ ಹೇಳುತ್ತಿದ್ದಳು, ನಮ್ಮಲ್ಲಿ ಪ್ರತಿಯೊಬ್ಬರಿಗೂ ಕೇಳಿಸುತ್ತದೆ, ಪ್ರತಿಯೊಬ್ಬರೂ ಮನೆಗೆ ಮರಳುತ್ತಾರೆ ಎಂದು. ಜನ ಫೋನು ಎತ್ತಿಕೊಂಡು ಕಾಯುತ್ತಿದ್ದರು. ಒಬ್ಬ ಫರ್ಗಸ್‌ನ ಜೊತೆ ನಿಂತು ಫೋಟೋ ಹೊಡೆಸಿಕೊಂಡ. ಇನ್ನೊಬ್ಬ, "ಸ್ವಲ್ಪ ಕಿರುಚ್ತೀಯಾ? ವಿಡಿಯೋ ಮಾಡ್ಬೇಕಿತ್ತು," ಎಂದ. ನನ್ನ ತಮ್ಮ ಕಿರುಚಿದ.

ಮೂರನೆಯ ದಿನ ಫರ್ಗಸ್ ಬಟ್ಟೆ ಪರದೆಯ ಹಿಂದೆ ನಾನು ತಂದ ಬೆಣ್ಣೆ ರೊಟ್ಟಿಯನ್ನು ಕೈಯಲ್ಲಿ ಹಿಡಿದುಕೊಂಡೇ ಕೂತಿದ್ದ. ಒಂದು ತುತ್ತೂ ಇಳಿದಿರಲಿಲ್ಲ.

"ತಿನ್ನೋ, ಹಾಳಾದವ್ನೆ. ಬಣ್ಣ ನೋಡು ಸುಣ್ಣ ಆಗದೆ."

"ಅಕ್ಕ, ಮೊದಮೊದ್ಲು ಅದ್ ಕೂಗ್ದಾಗ ಕಾಲು ತಾವೇ ಓಡ್ತಿದ್ವು. ಈಗ ನಾನೇ ಓಡ್ತಿವ್ನೋ ಕಾಲೇ ಓಡ್ತವೋ ಗೊತ್ತಾಯ್ತಿಲ್ಲ ಕನಕ್ಕ."

"ಯಾವ್ದೋ ಒಂದು ಓಡ್ಲಿ. ನಾಳೆ ಒಂದಿನ ಕನ್ಲಾ. ಒಂದೇ ದಿನ. ಆ ಬೋಳಿಮಗ ಮಾತು ಕೊಟ್ಟವ್ನೆ."

"ಮೂಲೇಗೋದಾಗೆಲ್ಲ ಎಣಿಸ್ತೀನಿ ಅಕ್ಕ. ಎಲ್ಲ ಬಂದ್ರಾ ಅಂತ. ಒಬ್ಬ ಕಮ್ಮಿ ಬತ್ತಾನೆ. ಪ್ರತಿ ಸಲಾನೂ ಕಮ್ಮಿ ಬತ್ತಾನೆ."

ಅವನ ಬೆನ್ನು ತಿಕ್ಕಿದೆ. ಅಷ್ಟರಲ್ಲಿ ಹೊರಗೆ ಹಕ್ಕಿಯ ಸದ್ದು ಶುರುವಾಯಿತು. ರೊಟ್ಟಿಯನ್ನು ನನ್ನ ಮಡಿಲಿಗೆ ಹಾಕಿ ಎದ್ದ. "ಹೋಗು ಮಗ, ಹೋಗು," ಎಂದು ನಾನೇ ತಳ್ಳಿದೆ. ಹಾಗೆ ತಳ್ಳುವಾಗ ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಕೊನೆಯ ದಿನ ಕಂಪನಿಯ ಅಧ್ಯಕ್ಷ ಸರ್ ಹೆಕ್ಟರ್ ಬಂದರು. ಹಿಂದೆ ಮುಂದೆ ಜನ, ಕ್ಯಾಮೆರಾ, ತಟ್ಟೆಗಳಲ್ಲಿ ಸಾಲ್ಮನ್ ಮೀನಿನ ತುಂಡು, ಗ್ಲಾಸುಗಳು. ಕ್ರಿಸ್ಪಿನ್ ಬೆಳಗಿನಿಂದ ಬಾಲ ಸುಟ್ಟ ಬೆಕ್ಕಿನಂತೆ ಓಡಾಡುತ್ತಿದ್ದ. ಫರ್ಗಸ್‌ನ ಕಿವಿ ಹತ್ತಿರ ಬಂದು, "ಇವತ್ತು ಚೆನ್ನಾಗಿ ಓಡು. ಇದೊಂದು ಸಲ. ಸರ್ ಖುಷಿಯಾದ್ರೆ ನಿನ್ನ ವಿಷಯ ನಾನು ಇವತ್ತೇ ಹೇಳಿ ಮುಗಿಸ್ತೀನಿ," ಎಂದ. ನಾಲ್ಕು ಹೆಜ್ಜೆ ಓಡಿದರೆ ಹೆಂಡತಿ ಬರುತ್ತಾಳೆ, ಮಕ್ಕಳು ಬರುತ್ತಾರೆ, ನನ್ನ ಸೋಫಾ ನನಗೆ ಸಿಗುತ್ತದೆ. ಓಡಪ್ಪ, ಎಂದುಕೊಂಡೆ.

ಅಲೆ. ಹಕ್ಕಿ. ಸೈರನ್.

ಎಲ್ಲರೂ ಬಟ್ಟೆ ಪರದೆಯ ಕಡೆ ತಿರುಗಿದರು. ಫರ್ಗಸ್ ಹೊರಗೆ ಬಂದ. ಓಡಲಿಲ್ಲ. ಮನೆಯೊಳಗೆ ಅಡ್ಡಾಡುವವನಂತೆ ನಿಧಾನವಾಗಿ ನಡೆದುಕೊಂಡು ಬಂದ. ಕಾರ್ಪೆಟ್ಟಿನ ನಟ್ಟನಡುವೆ ನಿಂತ. ಮಂಡಿ ಹಿಡಿದುಕೊಂಡು ಮೆಲ್ಲಗೆ ಕೂತ. ಜೇಬಿನಿಂದ ಎಡಗೈ ತೆಗೆದು ತೊಡೆಯ ಮೇಲೆ ಇಟ್ಟುಕೊಂಡ.

"ಓಡೋ! ಏಯ್, ಓಡು!" ಕಟಕಟೆಯ ಹಿಂದಿನಿಂದ ಕ್ರಿಸ್ಪಿನ್ ಹಲ್ಲು ಕಚ್ಚಿ ಹೇಳಿದ.

ಸೈರನ್ ಕೂಗುತ್ತಲೇ ಇತ್ತು. ಸರ್ ಹೆಕ್ಟರ್ ಒಳ್ಳೆಯ ಮನುಷ್ಯನಂತೆ ಬಗ್ಗಿ, "ಏನಪ್ಪಾ, ಓಡಿ ಓಡಿ ಸುಸ್ತಾಯ್ತಾ?" ಎಂದರು. ಸುತ್ತಲಿನವರು ನಕ್ಕರು.

"ಸುಸ್ತೇನೋ ಆಗದೆ ಸಾರ್," ಎಂದ ಫರ್ಗಸ್. "ಆದ್ರೆ ಅದಕ್ಕಲ್ಲ. ಇಷ್ಟು ದಿನ ಫರ್ಗಸ್ ಆಗಿ ಓಡ್ದೆ. ಇವತ್ತು ನಾನು ಡೂಗಿ. ಕೆಳಗಿನ ಅಂತಸ್ತಲ್ಲಿವ್ನಿ. ನಂಗೇನೂ ಕೇಳಿಸ್ತಿಲ್ಲ."

ನಗು ಅಲ್ಲಲ್ಲೇ ನಿಂತಿತು. ಸರ್ ಹೆಕ್ಟರ್ ನೆಟ್ಟಗಾಗಿ ಕ್ರಿಸ್ಪಿನ್‌ನ ಕಡೆ ನೋಡಿ, "ಡೂಗಿ ಯಾರು?" ಎಂದರು.

ಆ ಮಾತು ಕೇಳಿ ಫರ್ಗಸ್ ತಲೆ ತಗ್ಗಿಸಿದ. ನಾಲ್ಕು ದಿನ ಸಹಿಸಿಕೊಂಡವನು ಆಗ ಅತ್ತ. ಮಸಿ ಇಳಿದು ಕಾರ್ಪೆಟ್ಟಿನ ಮೇಲೆ ತೊಟ್ಟಿಕ್ಕಿತು.

"ಯಾರೋ ಗೊತ್ತಿಲ್ಲ ಸರ್. ಇವನು ನಮ್ಮವನಲ್ಲ, ಹೊರಗಿನಿಂದ ಕರೆಸಿದ್ದು," ಎಂದ ಕ್ರಿಸ್ಪಿನ್. ಆಮೇಲೆ ನನ್ನನ್ನು ಕಂಡು ಬೆರಳು ಮಾಡಿದ. "ಇಷ್ಬೆಲ್! ಇದನ್ನ ಇಲ್ಲಿಂದ ತೆಗಿ. ಬೇಗ!"

ಇದನ್ನ ಎಂದದ್ದು ನನ್ನ ತಮ್ಮನನ್ನು.

ಹೋದೆ. ಸುಳ್ಳು ಯಾಕೆ ಹೇಳಲಿ, ಹೋಗುವಾಗ ಆ ಮುಂಡೇದರ ಕಪಾಳಕ್ಕೆ ಬಾರಿಸಬೇಕು ಎನ್ನುವಷ್ಟು ಸಿಟ್ಟಿತ್ತು ನನಗೆ, ಕ್ರಿಸ್ಪಿನ್‌ನ ಮೇಲಲ್ಲ, ಫರ್ಗಸ್‌ನ ಮೇಲೆ. ಇನ್ನೊಂದೇ ಸಲ ಓಡಿದ್ದರೆ ಏನು ಹೋಗುತ್ತಿತ್ತು? ಹತ್ತಿರ ಹೋಗಿ ರಟ್ಟೆ ಹಿಡಿದೆ. ಸೈರನ್ ಕೂಗಿದಾಗೆಲ್ಲ ಕಾಲುಗಳು ತಾವಾಗಿ ಎಳೆಯುತ್ತಿದ್ದವು, ಅವನು ಎರಡೂ ಕೈಯಿಂದ ಅವನ್ನು ಒತ್ತಿ ಹಿಡಿದಿದ್ದ.

ನನ್ನ ಕೈಯ ಬಟ್ಟೆ ಅಲ್ಲೇ ಬಿತ್ತು. ಬಂಡಾಯ ಗಿಂಡಾಯ ನನಗೆ ಗೊತ್ತಿಲ್ಲ. ನಾಲ್ಕು ದಿನದಿಂದ ನಿಂತೇ ಇದ್ದ ಕಾಲುಗಳು ನೋಯುತ್ತಿದ್ದವು. ಅವನ ಪಕ್ಕದಲ್ಲಿ ಕೂತೆ. ಅವನ ಒಂದು ಮಂಡಿಯನ್ನು ನಾನು ಅದುಮಿ ಹಿಡಿದೆ.

"ಇಷ್ಬೆಲ್! ನಿನಗೆ ಹೇಳ್ತಿರೋದು! ಎದ್ದೇಳು!"

"ಏನಂದ್ರಿ?" ಎಂದೆ ಕ್ರಿಸ್ಪಿನ್‌ಗೆ. "ಕೇಳಿಸ್ತಾ ಇಲ್ಲ."

ಸೈರನ್ ಆರಿಸಬೇಕಾದವನು ಗಾಬರಿಯಲ್ಲಿ ಗುಂಡಿ ಹುಡುಕುತ್ತಿದ್ದ. ಪರದೆಯ ಮೇಲೆ ಜೇನಿನ ದನಿಯವಳು ಪ್ರತಿಯೊಬ್ಬರಿಗೂ ಕೇಳಿಸುತ್ತದೆ ಎಂದು ಶುರು ಮಾಡಿದಳು. ದೂರದಿಂದ ಕಾವಲಿನವರಿಬ್ಬರು ಬರುವುದು ಕಾಣಿಸಿತು. ಬರಲಿ, ಎತ್ತಿಕೊಂಡು ಹೋಗುವುದಾದರೆ ಎತ್ತಿಕೊಂಡೇ ಹೋಗಲಿ. ನಾವಾಗಿ ಏಳುವವರಲ್ಲ.