ತಿರುಗಿಸದ ಪಾದ

ಸಾವಿರದ ಒಂಬೈನೂರ ಎಪ್ಪತ್ತೊಂಬತ್ತರಲ್ಲಿ ಚೂಡಾಮಣಿ ಜಯನಗರದ ಒಂದು ನರ್ಸಿಂಗ್ ಹೋಮಿನಲ್ಲಿ ಎಕ್ಸ್‌ರೇ ತೆಗೆಯುವ ಕೆಲಸದಲ್ಲಿದ್ದಳು. ಆ ಬೇಸಿಗೆಯಲ್ಲಿ ರುದ್ರಮ್ಮ ಎಂಬ ಗಾರೆ ಕೆಲಸದ ಹೆಂಗಸನ್ನು ಆಟೋದಲ್ಲಿ ಕರೆತಂದರು. ಜೆ.ಪಿ. ನಗರದಲ್ಲಿ ಏಳುತ್ತಿದ್ದ ಮನೆಯೊಂದರ ಗೋಡೆಗೆ ಕಟ್ಟಿದ್ದ ಸಾರುವೆಯ ಹಲಗೆಯಿಂದ ಜಾರಿ ಬಿದ್ದಿದ್ದಳು. ಬಲಗಾಲಿನ ಹರಡು ಬದನೆಕಾಯಿಯಂತೆ ಊದಿತ್ತು.

ಮುಂದಿನಿಂದ ಒಂದು, ಪಕ್ಕದಿಂದ ಒಂದು ಫಿಲ್ಮ್ ಆಯಿತು. ಮೂರನೆಯದಕ್ಕೆ ಪಾದವನ್ನು ತುಸು ಒಳಕ್ಕೆ ತಿರುಗಿಸಬೇಕು. ಕೀಲಿನ ಸಂದು ಸರಿದಿದ್ದರೆ ಚೆನ್ನಾಗಿ ಕಾಣುವುದು ಅದರಲ್ಲೇ. ಚೂಡಾಮಣಿ ಹಿಮ್ಮಡಿ ಹಿಡಿದದ್ದೇ ತಡ, ರುದ್ರಮ್ಮ ಚೀರಿದಳು.

"ಬ್ಯಾಡ ಕಣವ್ವಾ, ತಿರುಗಿಸ್‌ಬ್ಯಾಡಿ! ಪ್ರಾಣ ಹೋಯ್ತದೆ!"

ಚೂಡಾಮಣಿಗೆ ಅಯ್ಯೋ ಅನಿಸಿತು. ಕೈ ಬಿಟ್ಟಳು. ಎರಡೇ ಫಿಲ್ಮನ್ನು ಡಾಕ್ಟರ್ ತಿರುಮಲೇಶರಿಗೆ ಕಳಿಸಿದಳು. "ಮೂಳೆ ಸರಿಯಾಗಿದೆ, ಉಳುಕು ಅಷ್ಟೇ," ಎಂದು ಅವರು ಬ್ಯಾಂಡೇಜ್ ಸುತ್ತಿಸಿ ಮನೆಗೆ ಕಳಿಸಿಬಿಟ್ಟರು.

ನಾಲ್ಕು ತಿಂಗಳಾದ ಮೇಲೆ ರುದ್ರಮ್ಮ ಕೋಲು ಊರಿಕೊಂಡು ಮತ್ತೆ ಬಂದಳು. ಪಾದ ಹೊರಕ್ಕೆ ವಾಲಿತ್ತು. ಈ ಸಲ ಮೂರೂ ಫಿಲ್ಮ್ ತೆಗೆದರು. ಹೊರಬದಿಯ ಮೂಳೆ ಅಂದೇ ಮುರಿದು ಈಗ ಓರೆಯಾಗಿ ಕೂಡಿಕೊಂಡಿತ್ತು. ಒಳಬದಿಯ ಸಂದು ಬಾಯಿಬಿಟ್ಟಿತ್ತು.

"ಅವತ್ತೇ ಈ ಮೂರನೇ ಫಿಲ್ಮ್ ಇದ್ದಿದ್ರೆ ಕಾಲು ನೆಟ್ಟಗಾಗ್ತಿತ್ತು. ನಾನೂ ಅದನ್ನ ಕೇಳ್ಲಿಲ್ಲ," ಎಂದರು ತಿರುಮಲೇಶರು. ಆ ಮೂಳೆಯನ್ನು ಮತ್ತೆ ಮುರಿದು, ಪ್ಲೇಟು ಸ್ಕ್ರೂ ಹಾಕಿ ಕೂಡಿಸಿದರು.

ಆ ಕಾಲು ಚೂಡಾಮಣಿಯನ್ನು ಬಿಡಲಿಲ್ಲ. ಡಾರ್ಕ್‌ರೂಮಿನ ಕೆಂಪು ಬೆಳಕಿನಲ್ಲಿ ಯಾರ ಫಿಲ್ಮನ್ನು ತೊಳೆಯುವ ತೊಟ್ಟಿಯಿಂದ ಎತ್ತಿದರೂ, ಕೈಮೂಳೆಯಾಗಲಿ ಎದೆಗೂಡಾಗಲಿ, ಮೊದಲು ಮೂಡುತ್ತಿದ್ದುದು ಬಾಯಿಬಿಟ್ಟ ಆ ಸಂದು. ಕಣ್ಣು ಮುಚ್ಚಿ ತೆರೆದರೆ ಮಾಯ. ಜಯನಗರ ನಾಲ್ಕನೇ ಬ್ಲಾಕಿನ ಬಸ್‌ಸ್ಟ್ಯಾಂಡಿನಲ್ಲಿ ಬೆನ್ನ ಹಿಂದೆ ಕಾಲೆಳೆದು ನಡೆಯುವ ಸದ್ದಾಗುತ್ತಿತ್ತು. ತಿರುಗಿದರೆ ಯಾರೂ ಇರುತ್ತಿರಲಿಲ್ಲ.

ತಡೆಯಲಾರದೆ, ಸಂಕ್ರಾಂತಿಗೆ ಮುಂಚಿನ ಒಂದು ಭಾನುವಾರ ಬೆಳಗ್ಗೆ ರುದ್ರಮ್ಮನನ್ನು ಹುಡುಕಿಕೊಂಡು ಕೋಣನಕುಂಟೆಗೆ ಹೋದಳು. ಅವಳು ಮನೆ ಮುಂದೆ ಕಾಲು ಚಾಚಿ ಅವರೆಕಾಯಿ ಸುಲಿಯುತ್ತಿದ್ದಳು. ನೋವು ತಗ್ಗಿತ್ತು, ಗಾರೆ ತುಂಬಿದ ಬಾಂಡ್ಲಿ ಹೊರುವ ಕೆಲಸ ಮಾತ್ರ ಇನ್ನು ಆಗದು.

"ಬನ್ನಿ, ಕೂತ್ಕಳಿ," ಎಂದು ರುದ್ರಮ್ಮ ಮುಖವರಳಿಸಿದಳು. "ಆ ಆಸ್ಪತ್ರೇಲಿ ನನ್ ನೋವು ಗೊತ್ತಾಗಿದ್ದು ನಿಮಗೊಬ್ರಿಗೇಯ."

ಚೂಡಾಮಣಿ ಕೂರಲಿಲ್ಲ. "ಅದೇ ತಪ್ಪಾಗಿದ್ದು ರುದ್ರಮ್ಮ. ನೀವು ಎಷ್ಟೇ ಕೂಗಿದ್ರೂ ನಾನು ಕಾಲು ತಿರುಗಿಸಿ ಇನ್ನೊಂದು ಫಿಲ್ಮ್ ತೆಗೀಬೇಕಿತ್ತು. ತೆಗೆದಿದ್ರೆ ಮುರಿದಿರೋದು ಅವತ್ತೇ ಗೊತ್ತಾಗ್ತಿತ್ತು."

ರುದ್ರಮ್ಮನ ಬೆರಳುಗಳು ನಿಂತವು. ಆಮೇಲೆ ಚಾಚಿದ್ದ ಕಾಲನ್ನು ಎರಡೂ ಕೈಗಳಿಂದ ಎತ್ತಿ ಹತ್ತಿರಕ್ಕೆಳೆದುಕೊಂಡು, ಅದರ ಮೇಲೆ ಸೀರೆಯ ಅಂಚು ಮುಚ್ಚಿದಳು.

"ಬಸ್ಸಿಗೆ ಹೊತ್ತಾಯ್ತದೆ," ಎಂದಳು. "ಹೊರಡಿ."