ಹೊಂಡದ ದಡದಲ್ಲಿ ಹಗ್ಗ ಹಿಡಿದವಳು

ನನ್ನ ಗಂಡನಿಗೆ ಹುಚ್ಚು ಹಿಡಿದಿದೆ ಎಂದು ಮೊದಲು ಹೇಳಿದವಳು ನಾನಲ್ಲ, ಅವರನ್ನು ಹೆತ್ತ ತಾಯಿ, ನನ್ನ ಅತ್ತೆ ಮಾರಕ್ಕ. ಹೆತ್ತವರೇ ಹೇಳಿದ ಮೇಲೆ ಇಲ್ಲ ಅನ್ನಲಿಕ್ಕೆ ನಾನು ಯಾರು?

ಆ ಹುಚ್ಚಿನ ಹೆಸರು ಟ್ರಯಥ್ಲಾನ್. ಎರಡು ಕಿಲೋಮೀಟರಿಗೆ ನೂರು ಮೀಟರ್ ಕಡಿಮೆ ಈಜಬೇಕು. ನೀರಿನಿಂದ ಎದ್ದವರೇ ಒದ್ದೆ ಮೈಯಲ್ಲಿ ಸೈಕಲ್ ಹತ್ತಿ ತೊಂಬತ್ತು ಕಿಲೋಮೀಟರ್ ತುಳಿಯಬೇಕು. ಸೈಕಲ್ ಇಳಿದವರೇ ಇಪ್ಪತ್ತೊಂದು ಕಿಲೋಮೀಟರ್ ಓಡಬೇಕು. ಎಲ್ಲ ಒಂದೇ ದಿನ, ಎಂಟೂವರೆ ಗಂಟೆಯೊಳಗೆ. ನನ್ನ ಗಂಡ ಬೀರೇಶ್ ಊಟಕ್ಕೆ ಕೂತಾಗ ಇದನ್ನೆಲ್ಲ ವಿವರಿಸಿದರೆ ಅತ್ತೆ ಮುದ್ದೆ ಮುರಿಯುವುದನ್ನು ನಿಲ್ಲಿಸಿ ಕೇಳಿದರು, "ಯಾಕ್ಲಾ, ಹಿಂದಿಂದ ಯಾರಾನಾ ಅಟ್ಟುಸ್ಕೊಂಡ್ ಬರ್ತಾರಾ?"

"ಯಾರೂ ಬರಲ್ಲ ಕಣವ್ವ. ನಾವಾಗ್ ನಾವೇ ಹೋಗೋದು."

"ಹಂಗಾದ್ರೆ ಹುಚ್ಚೇಯ," ಎಂದು ಅತ್ತೆ ಮತ್ತೆ ಮುದ್ದೆಗೆ ಕೈಹಾಕಿದರು.

ಬೀರೇಶ್ ದಾಬಸ್‌ಪೇಟೆಯ ಒಂದು ಕಾರ್ಖಾನೆಯಲ್ಲಿ ಹನ್ನೆರಡು ವರ್ಷದಿಂದ ಮೆಷಿನ್ ರಿಪೇರಿ ಮಾಡುತ್ತಾರೆ. ಎರಡು ವರ್ಷದ ಹಿಂದೆ ಕಂಪನಿ ಡಾಕ್ಟರು ಸಕ್ಕರೆ ಅಂಚಿನಲ್ಲಿದೆ, ದಿನಾ ಅರ್ಧ ಗಂಟೆ ನಡೆಯಿರಿ ಅಂದರು. ಇವರು ನಡೆಯುವುದನ್ನು ಬಿಟ್ಟು ಓಡಲು ಶುರು ಮಾಡಿದರು. ಓಟ ಸಾಲದು ಅಂತ ಸೈಕಲ್ ಬಂತು. ಆಮೇಲೆ ಅವರ ಸೆಕ್ಷನ್ನಿನ ವೇಣುಗೋಪಾಲ್ ಎಂಬ ಪುಣ್ಯಾತ್ಮ ಈ ಮೂರನ್ನೂ ಒಟ್ಟಿಗೆ ಮಾಡುವ ಸ್ಪರ್ಧೆ ಇದೆ ಅಂತ ಕಿವಿಗೆ ಹಾಕಿದ. ನವೆಂಬರಿನ ಎರಡನೇ ಭಾನುವಾರ, ಸಮುದ್ರದ ದಂಡೆಯಲ್ಲಿ. ಅವತ್ತಿನಿಂದ ನಮ್ಮ ಮನೆಯಲ್ಲಿ ಗಡಿಯಾರಕ್ಕೆ ಪುರುಸೊತ್ತಿಲ್ಲ.

ಫ್ರಿಜ್ಜಿನ ಬಾಗಿಲಿಗೆ ಒಂದು ಪಟ್ಟಿ ಅಂಟಿಸಿದರು. ಸೋಮವಾರ ಈಜು, ಮಂಗಳವಾರ ಓಟ, ಬುಧವಾರ ಮತ್ತೆ ಈಜು, ಹೀಗೆ. ಭಾನುವಾರ ಸೈಕಲ್ಲಿನಲ್ಲಿ ಗೌರಿಬಿದನೂರಿನ ಆಚೆಗೂ ಹೋಗಿ ಬರುವುದು. ಆ ಪಟ್ಟಿಯಲ್ಲಿ ನಾನೂ ಇರಲಿಲ್ಲ, ಏಳು ವರ್ಷದ ಮಗಳು ಹರ್ಷಿತಾನೂ ಇರಲಿಲ್ಲ. ಭಾನುವಾರ ಸಂಜೆ ಮಾತ್ರ 'ರೆಸ್ಟ್' ಅಂತ ಇತ್ತು. ಅದೇ ನಾವಿರಬೇಕು ಅಂದುಕೊಂಡೆ.

ನಾನೇನು ಮನೆಯಲ್ಲಿ ಕಾಲು ಚಾಚಿ ಕೂತವಳಲ್ಲ. ದೊಡ್ಡಬಳ್ಳಾಪುರದ ಗಾರ್ಮೆಂಟ್ಸ್‌ನಲ್ಲಿ ಚೆಕಿಂಗ್ ಸೆಕ್ಷನ್ ನನ್ನದು. ಎಂಟೂವರೆಗೆ ಪಂಚ್ ಆಗಬೇಕು. ಏಳೂ ಇಪ್ಪತ್ತಕ್ಕೆ ನಮ್ಮೂರ ಬಸ್ಸು. ಅಷ್ಟರೊಳಗೆ ಮೂರು ಡಬ್ಬಿ, ಮಗಳ ಜಡೆ, ಹಸುವಿನ ಹಾಲು.

ಓಟ, ಸೈಕಲ್ ಹಾಗೂ ಹೀಗೂ ಸಹಿಸಿದೆ. ಎದೆ ಒಡೆದದ್ದು ಈಜಿಗೆ. ಈಜುಕೊಳ ಬೇಕೆಂದರೆ ಯಲಹಂಕದ ಕಡೆಗೆ ಹೋಗಬೇಕು, ಹೋಗಿ ಬರುವುದರಲ್ಲೇ ಡ್ಯೂಟಿ ಟೈಮು ಆಗುತ್ತೆ. ಅದಕ್ಕೆ ಇವರು ನಮ್ಮ ಗುಲಾಬಿ ತೋಟದ ಕೃಷಿ ಹೊಂಡವನ್ನೇ ಆರಿಸಿಕೊಂಡರು. ಮಳೆ ನೀರು ಹಿಡಿಯಲು ತೋಡಿ, ಇಂಗದ ಹಾಗೆ ತಳಕ್ಕೂ ಇಳಿಜಾರಿಗೂ ಕಪ್ಪು ಪ್ಲಾಸ್ಟಿಕ್ ಹಾಸಿದ ಚೌಕದ ಹೊಂಡ. ಅಗಲ ಎಪ್ಪತ್ತಡಿ, ಆಳ ಹದಿನೈದಡಿ. ಇಳಿಯುವುದು ಸುಲಭ, ಹತ್ತುವುದು ಯಾರಪ್ಪನಿಂದಲೂ ಆಗದು. ಪ್ಲಾಸ್ಟಿಕ್ಕಿನ ಮೇಲೆ ಪಾಚಿ ಕಟ್ಟಿ, ಕೈಯಿಟ್ಟರೂ ಜಾರುತ್ತೆ, ಕಾಲಿಟ್ಟರೂ ಜಾರುತ್ತೆ. ಹೋದ ವರ್ಷ ಪಕ್ಕದ ಊರಿನಲ್ಲಿ ಕೈ ತೊಳೆಯಲು ಹೋದ ಒಬ್ಬಾತ, ಅವನನ್ನು ಎಳೆಯಲು ಹೋದ ತಮ್ಮ, ಇಬ್ಬರೂ ಮೇಲೆ ಬರಲಿಲ್ಲ. ಇಬ್ಬರಿಗೂ ಈಜು ಬರುತ್ತಿತ್ತು.

ಬೇಡ ಅಂದೆ, ಕಣ್ಣೀರು ಹಾಕಿದೆ, ಕೇಳಲಿಲ್ಲ. ಕೊನೆಗೆ ಒಂದು ಶರತ್ತು ಹಾಕಿದೆ. "ದಡದ ಮೇಲೆ ನಾನು ಹಗ್ಗ ಹಿಡ್ಕೊಂಡ್ ನಿಂತಿದ್ರೆ ಮಾತ್ರ ನೀರಿಗಿಳೀಬೇಕು. ಇಲ್ಲಾಂದ್ರೆ ಮಗಳಾಣೆ." ಹೆಂಡತಿಗೆ ಇಷ್ಟು ತೊಂದರೆ ಕೊಡಲು ಮುಜುಗರವಾಗಿ ಬಿಟ್ಟುಬಿಡುತ್ತಾರೆ ಎಂಬುದು ನನ್ನ ಲೆಕ್ಕಾಚಾರ. ಅವರೋ ಮುಖ ಅರಳಿಸಿ, "ಅಷ್ಟೇ ತಾನೇ, ಬಾ!" ಅಂದುಬಿಟ್ಟರು. ನಾನೇ ತೋಡಿದ ಗುಂಡಿಗೆ ನಾನೇ ಬಿದ್ದೆ.

ಆರು ತಿಂಗಳು ವಾರಕ್ಕೆ ಮೂರು ದಿನ, ಬೆಳಗ್ಗೆ ಐದಕ್ಕೆ ಎದ್ದು ಹತ್ತು ನಿಮಿಷ ನಡೆದು ಹೊಂಡದ ಹತ್ತಿರ ಹೋಗಿ ನಿಂತೆ. ಹಗ್ಗ ಅವರ ಸೊಂಟಕ್ಕೆ ಕಟ್ಟಿದರೆ ಕಾಲಿಗೆ ತೊಡರುತ್ತೆ, ಹಾಗಾಗಿ ಬೇಲಿಯ ಕಲ್ಲುಕಂಬಕ್ಕೆ ಒಂದು ಸುತ್ತು ಹಾಕಿ, ಒಂದು ತುದಿ ನೀರಿಗೆ ಇಳಿಬಿಟ್ಟು ಇನ್ನೊಂದನ್ನು ನಾನು ಹಿಡಿಯಬೇಕು. ಕೈ ಮರಗಟ್ಟುತ್ತಿತ್ತು. ಆದರೆ ಕಣ್ಣು ಮಾತ್ರ ಆ ಒಂದು ತಲೆಯ ಮೇಲಿಂದ ಕದಲುತ್ತಿರಲಿಲ್ಲ. ತಲೆ ಮುಳುಗಿದರೆ ನನ್ನ ಉಸಿರು ನಿಲ್ಲುತ್ತಿತ್ತು, ಎದ್ದರೆ ಬರುತ್ತಿತ್ತು. ಅವರು ಈಜಿ ಸುಸ್ತಾಗುತ್ತಿದ್ದರು, ನಾನು ನೋಡಿಯೇ ಸುಸ್ತಾಗುತ್ತಿದ್ದೆ.

ಅಕ್ಟೋಬರ್ ಕೊನೆಯ ಆ ಬುಧವಾರದ ಹಿಂದಿನ ದಿನ ಸೂಪರ್‌ವೈಸರ್ ನನ್ನನ್ನು ಎಲ್ಲರೆದುರು ನಿಲ್ಲಿಸಿ, ಇನ್ನೊಂದು ದಿನ ಲೇಟಾದರೆ ಗೇಟಿನಿಂದಲೇ ವಾಪಸ್ಸು, ಆಮೇಲೆ ಬರುವುದೇ ಬೇಡ ಅಂದಿದ್ದ. ಅದನ್ನು ಬೀರೇಶ್‌ಗೆ ಹೇಳಿದ್ದೆ. "ಆರು ಗಂಟೆಗೆ ಮೇಲ್ ಬಂದ್ಬಿಡ್ಬೇಕು ರೀ. ಒಂದ್ ನಿಮಿಷ ಆಚೀಚೆ ಆಗಂಗಿಲ್ಲ."

"ಆಯ್ತು ಕಣೇ, ಆರಕ್ಕೆ ಕರೆಕ್ಟಾಗಿ."

ಬುಧವಾರ ಬೆಳಗ್ಗೆ ಆರಾಯಿತು. ಕೂಗಿದೆ. ದಡದ ಹತ್ತಿರ ತಿರುಗುವಾಗ ನೀರಿನಿಂದ ಒಂದು ಬೆರಳು ಎತ್ತಿ ತೋರಿಸಿದರು. ಇನ್ನೊಂದು ಸುತ್ತು ಎಂದು. ಸರಿ. ಮತ್ತೆ ಬಂದರು, ಮತ್ತೆ ಬೆರಳು. ಆರೂ ಐದು. ಮತ್ತೆ ಬೆರಳು. ಆರೂ ಹತ್ತು. ಮತ್ತೆ ಅದೇ ಬೆರಳು!

ನನಗೆ ನೆತ್ತಿಗೇರಿತು. ಅಲ್ಲ, ನನ್ನ ಕೆಲಸ ಕೆಲಸವಲ್ಲವೇ? ಇವರ ಒಂದು ಸುತ್ತಿನ ಬೆಲೆ ಇಲ್ಲವೇ ನನ್ನ ಮರ್ಯಾದೆಗೆ? ಕಂಬದಿಂದ ಹಗ್ಗ ಬಿಚ್ಚಿದೆ. ನೀರಿನಲ್ಲಿದ್ದ ತುದಿಯನ್ನೂ ಸರಸರ ಎಳೆದುಕೊಂಡೆ. ಸುತ್ತಿ ಹೆಗಲಿಗೆ ಹಾಕಿಕೊಂಡು ಹೊರಟೆ. ಐದು ನಿಮಿಷ ಹೆಂಡತಿಯನ್ನು ಕೂಗಲಿ, ಬುದ್ಧಿ ಬರಲಿ ಎಂದು. ಮನೆಗೆ ಹೋಗುವ ಯೋಚನೆ ಇರಲಿಲ್ಲ. ಗುಲಾಬಿ ಸಾಲುಗಳ ಆಚೆಗಿನ ಪಂಪ್‌ಹೌಸ್ ಹಿಂದೆ ಹೋಗಿ ನಿಂತೆ.

"ಭಾನೂ..." ಎಂದು ಕೂಗಿದ್ದು ಎರಡು ಸಲ ಕೇಳಿಸಿತು. ಸುಳ್ಳು ಹೇಳುವುದಿಲ್ಲ, ಖುಷಿಯಾಯಿತು. ಕೂಗಲಿ, ಇನ್ನೂ ಜೋರಾಗಿ ಕೂಗಲಿ ಅಂದುಕೊಂಡೆ.

ಅಷ್ಟರಲ್ಲಿ ಫೋನ್ ಬಂತು. ಅತ್ತೆ. "ಬೇಗ ಬಾರೇ! ಮಗು ತೊಟ್ಟಿ ಅಂಚಿಗೆ ಬಿದ್ಬುಟ್ಲು, ಗದ್ದ ಸೀಳೋಗೈತೆ, ರಕ್ತ ನಿಲ್ತಿಲ್ಲ!"

ನಾನು ಓಡಿದೆ. ಆ ಗಳಿಗೆಯಲ್ಲಿ ಹೊಂಡ ನನ್ನ ತಲೆಯಲ್ಲಿ ಇರಲೇ ಇಲ್ಲ. ಮನೆ ಮುಟ್ಟಿದಾಗ ಹರ್ಷಿತಾಳ ಸಮವಸ್ತ್ರದ ಎದೆಯೆಲ್ಲ ಕೆಂಪು. ಬಟ್ಟೆ ಒತ್ತಿ ಹಿಡಿದೆ, ಬಟ್ಟೆ ನೆನೆಯಿತು, ಇನ್ನೊಂದು ಒತ್ತಿದೆ. ತೊಡೆಯ ಮೇಲೆ ಮಲಗಿಸಿಕೊಂಡು ಏನೇನೋ ಹೇಳಿ ಸಮಾಧಾನ ಮಾಡಿದೆ. ಎಷ್ಟು ಹೊತ್ತಾಯಿತೋ, ರಕ್ತ ಸ್ವಲ್ಪ ಹಿಡಿತಕ್ಕೆ ಬಂತು. ಅತ್ತೆ ನೀರಿನ ಚೊಂಬು ಹಿಡಿದು ನನ್ನನ್ನೇ ನೋಡುತ್ತಿದ್ದರು.

"ಅಲ್ಲಾ ಭಾನು, ಹಗ್ಗ ಯಾಕ್ ಹೆಗಲ್ ಮ್ಯಾಲೈತೆ? ಅವ್ನೆಲ್ಲಿ?"

ಗೋಡೆ ಗಡಿಯಾರದಲ್ಲಿ ಆರೂ ಮೂವತ್ತೆಂಟು.

ಮಗುವನ್ನು ಅತ್ತೆಯ ಮಡಿಲಿಗೆ ಹಾಕಿದ್ದು ನೆನಪಿದೆ, ಚಪ್ಪಲಿ ಹಾಕಿಕೊಂಡ ನೆನಪಿಲ್ಲ. ದಾರಿಯುದ್ದಕ್ಕೂ ಬಾಯಲ್ಲಿ ಒಂದೇ ಮಾತು, ದೇವರೇ ಬೇಡ, ದೇವರೇ ಬೇಡ. ಬೀರಪ್ಪನನ್ನೂ ಕರೆದೆ, ಕರೆಯಬಾರದ ದೇವರನ್ನೂ ಕರೆದೆ. ಹತ್ತು ನಿಮಿಷದ ದಾರಿ ಆವತ್ತು ಮುಗಿಯಲೇ ಇಲ್ಲ. ಪಂಪ್‌ಹೌಸ್ ದಾಟಿದೆ. ಕೂಗಿಲ್ಲ, ಸದ್ದಿಲ್ಲ. ನೀರು ಆಳುದ್ದ ಕೆಳಗಿದ್ದುದರಿಂದ ದೂರದಿಂದ ಹೊಂಡದೊಳಗೆ ಏನೂ ಕಾಣದು. "ರೀ! ರೀ!" ಎಂದೆ. ಉತ್ತರ ಬರಲಿಲ್ಲ.

ದಡ ಹತ್ತಿ ನೋಡಿದೆ. ಮೂಲೆಯಲ್ಲಿ ಅಂಗಾತ ತೇಲುತ್ತಿದ್ದರು. ಕಣ್ಣು ತೆರೆದಿದ್ದವು. ತುಟಿ ಕಪ್ಪಿಟ್ಟಿತ್ತು. ಒಂದು ಕ್ಷಣ ನಾನೂ ಸತ್ತೆ. ಆಮೇಲೆ ಆ ಕಣ್ಣು ನನ್ನ ಕಡೆ ಹೊರಳಿದವು.

ಕಂಬಕ್ಕೆ ಸುತ್ತು ಹಾಕಿ ಹಗ್ಗ ಎಸೆದೆ. ಅವರ ಬೆರಳು ಹಿಡಿಯಲೊಲ್ಲವು. ಮೊಣಕೈಗೆ ಸುತ್ತಿಕೊಂಡರು. ಗೇಣು ಗೇಣಾಗಿ ಎಳೆದೆ, ಜಾರಿದರು, ಮತ್ತೆ ಎಳೆದೆ. ಆಗ ಕಂಡಿತು, ಇಳಿಜಾರಿನ ಪಾಚಿಯ ಮೇಲೆ ಉದ್ದುದ್ದ ಗೀರುಗಳು. ಒಂದು ಕಡೆಯಲ್ಲ, ನಾಲ್ಕೂ ಬದಿಯಲ್ಲಿ. ಹತ್ತಲು ನೋಡಿ ಜಾರಿದ್ದು, ಇನ್ನೊಂದು ಬದಿಗೆ ಹೋಗಿ ನೋಡಿ ಜಾರಿದ್ದು. ಎರಡು ಉಗುರು ಕಿತ್ತು ಹೋಗಿದ್ದವು.

ದಡದ ಮಣ್ಣಿನಲ್ಲಿ ಬೋರಲಾಗಿ ಬಿದ್ದು ನಡುಗುತ್ತಿದ್ದರು. ಸೆರಗು ಹೊದಿಸಿ ಬೆನ್ನು ಉಜ್ಜಿದೆ. ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು, ಮಗು ಬಿತ್ತು ಅಂತ ಓಡಿದೆ, ಗಡಿಬಿಡಿಯಲ್ಲಿ ಹಗ್ಗ ಕೈಯಲ್ಲೇ ಉಳಿಯಿತು ಎಂದು. ಯಾರು ಬೇಕಾದರೂ ನಂಬುವಂಥ ಸುಳ್ಳು. ಆದರೆ ಆ ಗೀರುಗಳ ಮುಂದೆ ಬಾಯಿ ಬರಲಿಲ್ಲ.

"ಸಿಟ್ಟಿಗೆ ತಗೊಂಡ್ಹೋದೆ ರೀ. ಬೇಕೂಂತ್ಲೇ."

"ನೋಡ್ದೆ," ಅಂದರು. ಹಲ್ಲು ಕಟಕಟ ಅನ್ನುತ್ತಿತ್ತು. "ನೀನು ಹಗ್ಗ ಸುತ್ಕೊಳ್ಳೋದು ನೋಡ್ದೆ. ಐದ್ ನಿಮಿಷಕ್ಕೆ ಬರ್ತಾಳೆ ಅಂದ್ಕೊಂಡೆ." ಸೆರಗನ್ನು ಮೈಗೆ ಎಳೆದುಕೊಂಡು, "ಆಮೇಲೆ, ಬರಲ್ಲ ಅಂದ್ಕೊಂಡೆ."

ನನ್ನ ಹತ್ತು ವರ್ಷದ ಸಂಸಾರದಲ್ಲಿ ಇಂಥ ಮಾತನ್ನು ನಾನು ಯಾರಿಂದಲೂ ಕೇಳಿರಲಿಲ್ಲ. ಗೋಳೋ ಎಂದು ಅತ್ತುಬಿಟ್ಟೆ. ಅಳುತ್ತಲೇ ಮಗಳ ಗದ್ದದ ವಿಷಯ ಹೇಳಿದೆ. ಏಳಲು ತ್ರಾಣವಿಲ್ಲದ ಮನುಷ್ಯ ಅದನ್ನು ಕೇಳಿದ್ದೇ ಎದ್ದು ನಿಂತರು.

ಹರ್ಷಿತಾಳ ಗದ್ದಕ್ಕೆ ಮೂರು ಹೊಲಿಗೆ ಬಿತ್ತು. ಅವತ್ತು ಇಬ್ಬರೂ ಕೆಲಸಕ್ಕೆ ಹೋಗಲಿಲ್ಲ. ಮಾರನೆಯ ದಿನ ಮಗಳನ್ನೇ ಗೇಟಿಗೆ ಎತ್ತಿಕೊಂಡು ಹೋಗಿ ಹೊಲಿಗೆ ತೋರಿಸಿದೆ, ಸೂಪರ್‌ವೈಸರ್ ಮುಖ ತಿರುಗಿಸಿ ಒಳಗೆ ಬಿಟ್ಟ. ಉಗುರಿಗೆ ಏನಾಯಿತು ಎಂದು ಅತ್ತೆ ಕೇಳಿದ್ದಕ್ಕೆ ಬೀರೇಶ್, "ಸೈಕಲ್ ಚೈನಿಗೆ ಸಿಕ್ಕಾಕೊಂತು ಕಣವ್ವ," ಎಂದರು. ನನ್ನ ಮೇಲೆ ಒಂದು ಮಾತು ಬರಲು ಬಿಡಲಿಲ್ಲ. ಬೈಯಲೂ ಇಲ್ಲ. ಬೈದಿದ್ದರೆ ನಾನೂ ಎರಡು ಬೈದು ಹಗುರಾಗುತ್ತಿದ್ದೆ. ಉಪ್ಪು ಕೊಡು, ಟವೆಲ್ ಎಲ್ಲಿದೆ, ಇಷ್ಟೇ ಮಾತು. ಹೊಂಡದ ಕಡೆ ತಲೆ ಹಾಕಲಿಲ್ಲ. ದೇವರಾಣೆ, ಇನ್ನು ಬಿಟ್ಟೇಬಿಡಲಿ ಎಂದೇ ನನ್ನ ಆಸೆ. ಬಿಟ್ಟರೆ ನನ್ನಿಂದ ಬಿಟ್ಟರು ಅನ್ನುವ ಸಂಕಟವೂ ಇತ್ತು.

ಮುಂದಿನ ಬುಧವಾರ ನನಗೆ ಎಚ್ಚರವಾದಾಗ ಬೆಳಕು ಹರಿಯುತ್ತಿತ್ತು. ಪಕ್ಕದಲ್ಲಿ ಅವರಿರಲಿಲ್ಲ. ಅಲಾರಂ ಹೊಡೆದಿರಲಿಲ್ಲ, ನನ್ನನ್ನು ಎಬ್ಬಿಸಿರಲಿಲ್ಲ. ಬಾಗಿಲ ಹಿಂದಿನ ಗೂಟದಲ್ಲಿ ಹಗ್ಗ ಇರಲಿಲ್ಲ. ನನ್ನ ಪಕ್ಕಕ್ಕೆ ಜರುಗಿದ್ದ ಹೊದಿಕೆಯನ್ನು ಯಾರೋ ಸರಿಯಾಗಿ ಹೊದಿಸಿದ್ದರು. ಆರು ತಿಂಗಳಿಂದ ನಾನು ಜಗಳವಾಡಿ ಕೇಳುತ್ತಿದ್ದ ನಿದ್ದೆಯನ್ನು ಸದ್ದಿಲ್ಲದೆ ಕೊಟ್ಟು ಹೋಗಿದ್ದರು. ಎರಡು ನಿಮಿಷವೂ ಮಲಗಲು ಆಗಲಿಲ್ಲ. ಎದ್ದು ಓಡಿದೆ.

ಹೊಂಡದಲ್ಲಿ ತಲೆ ಮುಳುಗುತ್ತಿತ್ತು, ಏಳುತ್ತಿತ್ತು. ಕಲ್ಲುಕಂಬಕ್ಕೆ ಹಗ್ಗವನ್ನು ಮೂರು ಗಂಟು ಹಾಕಿ ಬಿಗಿದಿದ್ದರು. ಹಿಡಿದು ಹತ್ತಲು ಅಡಿಗೊಂದು ಗಂಟು ಬೇರೆ ಹಾಕಿ ನೀರಿಗೆ ಇಳಿಬಿಟ್ಟಿದ್ದರು. ನಾನು ಕಂಬದ ಪಕ್ಕ ನಿಂತೆ, ಕೈಗೆ ಕೆಲಸವಿರಲಿಲ್ಲ. ನನ್ನನ್ನು ನೋಡಿ ಅವರು ಅಂಚಿಗೆ ಬಂದು, ಹಗ್ಗದ ಗಂಟು ಹಿಡಿದು ತಾವೇ ಮೇಲಕ್ಕೆ ಬಂದರು. ನಾನು ಚಾಚಿದ ಕೈ ಹಾಗೇ ಉಳಿಯಿತು.

"ಮಲ್ಕೊಂಡಿರ್ಬೇಕಿತ್ತು. ಯಾಕ್ ಬಂದೆ?"

"ನಂಗೆ ನಿದ್ದೆ ಬರಲ್ಲ. ಇನ್ಮೇಲೆ ಕಂಬಕ್ಕೆ ಕಟ್ಬೇಡಿ ರೀ. ನನ್ ಕೈಗೇ ಕೊಡಿ."

ಮುಖದ ನೀರು ಒರೆಸಿಕೊಂಡು ನನ್ನನ್ನು ನೋಡಿದರು. ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಎಷ್ಟೋ ಚೆನ್ನಾಗಿತ್ತು.

"ಎರಡೂ ಇರ್ಲಿ ಬಿಡು," ಅಂದರು.

ನಾನು ಗಂಟಿನಾಚೆ ಉಳಿದಿದ್ದ ಹಗ್ಗದ ತುಂಡನ್ನು ಕೈಗೆ ಸುತ್ತಿಕೊಂಡು ಕೂತೆ. ಮತ್ತೆ ನೀರಿಗೆ ಇಳಿಯುವ ಮುಂಚೆ ಅವರು ಕಂಬದ ಹತ್ತಿರ ಬಂದು, ನನ್ನ ಎದುರೇ, ಗಂಟನ್ನು ಎರಡು ಸಲ ಜಗ್ಗಿ ನೋಡಿದರು.